ಶಿಗ್ಗಾಂವಿಯಲ್ಲಿ ಬಿಟ್ಟುಬಂದ ಫೈಲು

ಸವಣೂರಿನ ವೇದಿಕೆಯ ಮೇಲೆ ಕೂತು ಹೆಗಲ ಚೀಲಕ್ಕೆ ಕೈ ಹಾಕಿದಾಗ ಫೈಲು ಇರಲಿಲ್ಲ. ನೀರಿನ ಬಾಟಲಿ ಇತ್ತು, ಕನ್ನಡಕದ ಡಬ್ಬಿ ಇತ್ತು, ಬೆಳಿಗ್ಗೆ ಶಿಶುನಾಳದಲ್ಲಿ ಕೊಟ್ಟ ಸಕ್ಕರೆ ಪ್ರಸಾದದ ಪೊಟ್ಟಣವೂ ಇತ್ತು. ಕೆಂಪು ದಾರ ಕಟ್ಟಿದ ಕಂದು ರಟ್ಟಿನ ಫೈಲು, ಅದರೊಳಗಿನ 24 ಕವಿತೆ ಇರಲಿಲ್ಲ. ಅಷ್ಟರಲ್ಲಿ ಎಂಟನೇ ಇಯತ್ತೆಯ ಹುಡುಗಿಯೊಬ್ಬಳು ಸ್ವಾಗತಗೀತೆ ಶುರು ಮಾಡಿದ್ದಳು. ಪಕ್ಕದಲ್ಲಿದ್ದ ಗೆಳತಿಯ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಮುಖ ನೋಡಿ, ‘ಖಾನಾವಳಿ ಕಿಡಕ್ಯಾಗ ಇಟ್ಟಿದ್ದಿಯಲ್ಲ?’ ಅಂದಳು. ಹೌದು. ಕೈ ತೊಳೆಯಲು ಹೋಗುವಾಗ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೆ. ಊಟ ಮುಗಿಸಿ ಎದ್ದು ಬಂದಿದ್ದೆ.

ಅದು 1999ರ ಫೆಬ್ರವರಿ. ಹಾವೇರಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಗಿದ್ದು 1997ರ ಆಗಸ್ಟಿನಲ್ಲಿ. ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಹಾವೇರಿಯಲ್ಲಿ ಶಿಕ್ಷಕಿಯಾಗಿದ್ದ ಗೆಳತಿ ಇನ್‌ಲ್ಯಾಂಡ್ ಪತ್ರ ಬರೆದಿದ್ದಳು: ‘ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರು. ನಾಲ್ಕು ಊರು, ನಾಲ್ಕು ಸಂಜೆ. ನಾನು ಎರಡು ಕವಿತೆ ಓದತೀನಿ, ಉಳಿದ ವೇಳೆ ನಿಂದು. ಗಾಡಿ ನಮ್ಮನಿಯವರು ಹೊಡೀತಾರ.’ ಗಾಡಿ ಅಂದರೆ ಅವಳ ಯಜಮಾನರ ಹಳೆಯ ಫಿಯಟ್. ನಾನು ಧಾರವಾಡದಿಂದ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು ಅವರನ್ನು ಕೂಡಿಕೊಂಡೆ. ಆಗ ಅದು ನಾಲ್ಕನೇ ನಂಬರಿನ ಹೆದ್ದಾರಿ, ಈಗಿನ 48. ಎರಡೂ ಕಡೆ ಹೊಲಗಳಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಕಿಟಕಿ ಇಳಿಸಿದರೆ ಘಾಟು, ಏರಿಸಿದರೆ ಸೆಕೆ.

ನನ್ನ ಮೊದಲ ಸಂಕಲನ ಬಂದು ಆರು ವರ್ಷವಾಗಿತ್ತು. ಎರಡನೆಯದಕ್ಕೆಂದು ಬರೆದವೇ ಆ 24. ಅವನ್ನು ನಾಲ್ಕೂ ಊರಿನಲ್ಲಿ ಓದಿ ನೋಡಿ ಮುದ್ರಣಕ್ಕೆ ಕೊಡುವುದು ನನ್ನ ಮನಸ್ಸಿನಲ್ಲಿತ್ತು.

ಶಿಗ್ಗಾಂವಿಯಲ್ಲಿ ಮೊದಲ ದಿನ ಅರವತ್ತು ಕುರ್ಚಿ ಹಾಕಿದ್ದರು, ಹತ್ತೊಂಬತ್ತು ಜನ ಬಂದಿದ್ದರು. ನನ್ನ ಸರದಿ ಬರುವ ಹೊತ್ತಿಗೆ ಕರೆಂಟು ಹೋಯಿತು. ಯಾರೋ ಓಡಿಹೋಗಿ ಗ್ಯಾಸ್‌ಬತ್ತಿ ತಂದು ಮೇಜಿನ ಮೇಲಿಟ್ಟರು. ಅದರ ಭೋರ್ ಎನ್ನುವ ಸದ್ದಿನಲ್ಲಿ, ಹಾಳೆಯನ್ನು ಬೆಳಕಿನ ಹತ್ತಿರ ಹಿಡಿದು, ಬಂದು ಬೀಳುವ ಹುಳ ಕೊಡವುತ್ತ ಎಂಟು ಕವಿತೆ ಓದಿದೆ. ಜನ ಸುಮ್ಮನೆ ಕೂತು ಕೇಳಿದರು, ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಕವಿತೆ ಅವರನ್ನು ಮುಟ್ಟಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನು ಹಾಳೆಯಿಂದ ತಲೆ ಎತ್ತಿರಲೇ ಇಲ್ಲ.

ಮರುದಿನ ಬೆಳಿಗ್ಗೆ ಶಿಶುನಾಳಕ್ಕೆ ಹೋದೆವು. ಶಿಗ್ಗಾಂವಿಗೆ ಬಂದು ಷರೀಫಜ್ಜನ ಗದ್ದುಗೆಗೆ ನಮಸ್ಕಾರ ಮಾಡದೆ ಹೋದರೆ ಹೇಗೆ? 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಮುಸಲ್ಮಾನ ಮನೆಯ ಹುಡುಗ, ಕಳಸದ ಗೋವಿಂದಭಟ್ಟರ ಶಿಷ್ಯ. ಅವರ ಗದ್ದುಗೆಯ ಮುಂದೆ ಕಾಯಿ ಒಡೆಯುವವರೂ ಸಕ್ಕರೆ ಓದಿಸುವವರೂ ಒಂದೇ ಸಾಲಿನಲ್ಲಿ ನಿಂತಿದ್ದರು. ಮಗ್ಗ, ಗಿರಣಿ, ಕೋಳಿ, ಸೋರುವ ಮಾಳಿಗೆ, ಏನು ಕಂಡರೂ ಅದರ ಮೇಲೆ ಪದ ಕಟ್ಟಿದ ಮನುಷ್ಯ. 1990ರಲ್ಲಿ ನಾಗಾಭರಣರ ಸಿನಿಮಾ ಬಂದಮೇಲೆ, ಅಶ್ವಥ್ ಅವರ ಕ್ಯಾಸೆಟ್ಟುಗಳು ಮನೆಮನೆಗೆ ಹೋದಮೇಲೆ ಬೆಂಗಳೂರಿನವರಿಗೂ ಆ ಪದಗಳು ಬಾಯಿಗೆ ಬಂದವು. ಇಲ್ಲಿ ಮಾತ್ರ ಅವು ಮೊದಲಿನಿಂದಲೂ ಭಜನಾ ಮೇಳದವರ ಬಾಯಲ್ಲೇ ಇದ್ದವು. ಪುಸ್ತಕವಾದದ್ದು ಎಷ್ಟೋ ಆಮೇಲೆ.

ಗದ್ದುಗೆಯ ಕಟ್ಟೆಯ ಮೇಲೆ ಮೂವರು ಕೂತು ಹಾಡುತ್ತಿದ್ದರು. ಒಬ್ಬರ ಕೈಯಲ್ಲಿ ಏಕತಾರಿ, ಒಬ್ಬರ ಕೈಯಲ್ಲಿ ದಮ್ಮಡಿ, ಮೂರನೆಯವರು ತಾಳ. ಪದ ಮುಗಿದಮೇಲೆ ಗೆಳತಿ ನನ್ನ ಗುರುತು ಹೇಳಿದಳು. ಏಕತಾರಿಯ ಅಜ್ಜ ನನ್ನ ಕಡೆ ತಿರುಗಿ, ‘ಹೌದೇನ್ರೀ ಅಕ್ಕಾರ, ನೀವೂ ಪದ ಕಟ್ಟತೀರಂತ? ಒಂದ ಹೇಳ್ರಿ ಮತ್ತ, ಕೇಳೋಣು’ ಅಂದ. ನಾನು ಚೀಲದಿಂದ ಫೈಲು ತೆಗೆದೆ. ದಾರದ ಗಂಟು ಬಿಗಿದಿತ್ತು. ಉಗುರಿನಿಂದ ಬಿಚ್ಚಿ, ಹಾಳೆ ತಿರುವಿ, ಕನ್ನಡಕ ಹಾಕಿಕೊಳ್ಳುವವರೆಗೂ ಮೂವರೂ ತಾಳ್ಮೆಯಿಂದ ಕಾದರು. ಓದಿದೆ. ‘ಛಲೋ ಐತ್ರಿ’ ಅಂದ ಅಜ್ಜ. ಆಮೇಲೆ ನಿಜವಾದ ಕಾಳಜಿಯಿಂದ ಕೇಳಿದ: ‘ನೀವ ಕಟ್ಟಿದ್ದ ಹೌದಲ್ಲರಿ? ಮತ್ತ ಅದರಾಗ ನೋಡೂದ ಯಾಕರಿ?’

ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಶಿಗ್ಗಾಂವಿಗೆ ಮರಳಿ ಖಾನಾವಳಿಯಲ್ಲಿ ಊಟ ಮಾಡಿದೆವು: ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಮಡಿಕಿಕಾಳಿನ ಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಎರಡು ರೊಟ್ಟಿ ಮುಗಿಯುವುದರೊಳಗೆ ಮೂರನೆಯದು ತಟ್ಟೆಗೆ ಬಿದ್ದಿರುತ್ತಿತ್ತು. ಅಲ್ಲೇ ಫೈಲು ಉಳಿದದ್ದು.

ಬಂಕಾಪುರದ ಮೇಲೆ ಹಾದು ಸವಣೂರಿಗೆ ಹೋಗುವಾಗ ಕೋಟೆಯ ಕಡೆಯಿಂದ ನವಿಲಿನ ಕೂಗು ಕೇಳಿತು. ಈ ಬಂಕಾಪುರದ ಒಂದು ಸಂಗತಿ ನನಗೆ ಬಹಳ ಪ್ರಿಯ. ಶಕ 820ರಲ್ಲಿ, ಅಂದರೆ ಒಂಬತ್ತನೇ ಶತಮಾನದ ಕೊನೆಗೆ, ಲೋಕಾದಿತ್ಯ ಇಲ್ಲಿ ಆಳುತ್ತಿದ್ದಾಗ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಮಾಡಿ ಮೆರೆಸಿದರು. ಒಂದು ಕಾವ್ಯಕ್ಕೆ ಪೂಜೆ! ಹಾದಿಯಲ್ಲಿ ಇದನ್ನು ನಾನೇ ಗೆಳತಿಗೆ ಉತ್ಸಾಹದಿಂದ ಹೇಳಿದೆ. ಓಲೆಗರಿಯ ಕಟ್ಟನ್ನು ಅವರು ಹೇಗೆ ಹೊತ್ತಿರಬೇಕು, ಯಾವ ಬಟ್ಟೆಯಲ್ಲಿ ಸುತ್ತಿರಬೇಕು ಎಂದೆಲ್ಲ ಮಾತಾಡಿದೆವು. ಆ ಹೊತ್ತಿಗೆ ನನ್ನ ಹಾಳೆಗಳು ಹಿಂದಿನ ಊರಿನ ಕಿಟಕಿಯಲ್ಲಿದ್ದವು.

ಸವಣೂರು ನವಾಬರ ಊರು. ಸಂಸ್ಥಾನ ಹೋದರೂ ಊರಿನ ನಡೆಯಲ್ಲಿ ಒಂದು ನಿಧಾನ ಉಳಿದಿತ್ತು. ಎಲೆತೋಟಗಳ ತಂಪು, ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿದ ಖಾರಾ, ಮಠದ ಅಂಗಳದಲ್ಲಿ ಮೂರು ದೊಡ್ಡಹುಣಸೆ ಮರ. ಹುಣಸೆ ಎನ್ನುತ್ತಾರೆ, ಅವು ಆಫ್ರಿಕಾದ ಬಾವೊಬಾಬ್. ಹತ್ತಾರು ಜನ ಕೈ ಕೈ ಹಿಡಿದರೂ ತಬ್ಬಲಾಗದ ಬೊಡ್ಡೆ. ಎಲೆ ಉದುರಿಸಿ ನಿಂತಿದ್ದವು. ಯಾವ ಕಾಲದಲ್ಲಿ ಯಾರು ಅಷ್ಟು ದೂರದಿಂದ ಬೀಜ ತಂದು ಇಲ್ಲಿ ಊರಿದರೋ, ಬೇರು ಮಾತ್ರ ಇಲ್ಲಿಯದೇ ಆಗಿದೆ.

ಇದೇ ಊರಿನಲ್ಲಿ 1909ರ ಆಗಸ್ಟ್ 9ರಂದು ವಿ. ಕೃ. ಗೋಕಾಕರು ಹುಟ್ಟಿದ್ದು. ಇದೇ ತಾಲ್ಲೂಕಿನ ಹತ್ತಿಮತ್ತೂರು ಚಂದ್ರಶೇಖರ ಪಾಟೀಲರದು, ನಮ್ಮೆಲ್ಲರ ಚಂಪಾ. ಒಬ್ಬರು ಮೆತ್ತಗಿನ ಮಾತಿನ ಹಿರಿಯರು, ಇನ್ನೊಬ್ಬರು ಸಂಕ್ರಮಣದ ಪುಟಗಳಲ್ಲಿ ಬೆಂಕಿಯಂತೆ ಉರಿದವರು. ಅಂಥವರ ಊರಿನಲ್ಲಿ ಹಾಳೆಯಿಲ್ಲದೆ ಎದ್ದು ನಿಂತೆ.

ಮೊದಲ ಕವಿತೆಯ ಮೊದಲ ಸಾಲು ಬಂತು, ಎರಡನೆಯದು ಬಂತು, ಅಲ್ಲಿಗೆ ನಿಂತಿತು. ಕ್ಷಮೆ ಕೇಳಿ ಬೇರೆ ಕವಿತೆ ಹಿಡಿದೆ. ಅದು ಪೂರ್ತಿ ಬಂತು. ಮೂರನೆಯದರಲ್ಲಿ ನಡುವಿನ ಆರು ಸಾಲು ಹೋಗಿದ್ದವು. ಅವನ್ನು ಬಿಟ್ಟು ಹೇಳಿದರೂ ಕವಿತೆ ಬೀಳಲಿಲ್ಲ. ಆ ಆರು ಸಾಲನ್ನು ನಾನು ಹದಿನೈದು ದಿನ ತಿದ್ದಿ ತಿದ್ದಿ ಬರೆದಿದ್ದೆ. ಆ ಸಂಜೆ ಒಟ್ಟು ಏಳು ಕವಿತೆ ಬಂದವು. ಉಳಿದ ಹದಿನೇಳರ ಹೆಸರು ನೆನಪಿತ್ತು, ವಿಷಯ ನೆನಪಿತ್ತು, ಎಲ್ಲಿ ಕೂತು ಬರೆದೆ ಎನ್ನುವುದೂ ನೆನಪಿತ್ತು. ಕವಿತೆ ಮಾತ್ರ ಇರಲಿಲ್ಲ. ನಾನೇ ಹೆತ್ತ ಸಾಲುಗಳು ನನ್ನಲ್ಲೇ ಉಳಿದಿರಲಿಲ್ಲ.

ರಾತ್ರಿ ಮಲಗಿದಾಗ ಇದಕ್ಕೆ ಕಾರಣ ಹುಡುಕಿದೆ. ಲಯ, ಪ್ರಾಸ ಇಲ್ಲದ್ದಕ್ಕೆ ಮರೆತವು ಎನ್ನುವುದು ಸುಲಭದ ಉತ್ತರ. ಅದು ನಿಜವಲ್ಲ. ಕಡಲು ಕಾಣದ ಈ ಸವಣೂರಿನ ಗೋಕಾಕರೇ 1936ರಲ್ಲಿ ಆಕ್ಸ್‌ಫರ್ಡಿಗೆಂದು ಹಡಗು ಹತ್ತಿ, ಮುಂದೆ ಸಮುದ್ರ ಗೀತೆಗಳನ್ನು ಬರೆದರು. ಮುಕ್ತಛಂದಸ್ಸನ್ನು ಕನ್ನಡಕ್ಕೆ ಒಗ್ಗಿಸಿದವರಲ್ಲಿ ಮುಂದಿನವರು ಅವರು. ಕಾಲೇಜಿನಲ್ಲಿ ಓದಿದ ಆ ಕಡಲಿನ ಸಾಲುಗಳು ಆ ರಾತ್ರಿಯೂ ನನ್ನ ಬಾಯಲ್ಲಿದ್ದವು, ಪ್ರಾಸದ ಹಂಗಿಲ್ಲದೆ. ಅವುಗಳಲ್ಲಿ ಅಲೆಯ ಏರಿಳಿತವಿದೆ, ಉಸಿರಿದೆ. ನನ್ನ ಹದಿನೇಳನ್ನು ನಾನು ಕಣ್ಣಿಗಾಗಿ ಬರೆದಿದ್ದೆ. ಹಾಳೆಯ ಮೇಲೆ ಸಾಲು ಎಲ್ಲಿ ಮುರಿದರೆ ಚೆಂದ ಕಾಣುತ್ತದೆ ಎಂದು ನೋಡಿದ್ದೆನೇ ಹೊರತು ಒಮ್ಮೆಯೂ ಗಟ್ಟಿಯಾಗಿ ಹೇಳಿ ನೋಡಿರಲಿಲ್ಲ. 1929ರ ಬೆಳಗಾವಿ ಸಮ್ಮೇಳನದಲ್ಲಿ ಬೇಂದ್ರೆಯವರು ಕವಿತೆ ಹೇಳಿ ಇಡೀ ಸಭೆಯನ್ನು ಗೆದ್ದ ಕತೆಯನ್ನು ಧಾರವಾಡದವರಾದ ನಾವು ಎಷ್ಟು ಸಲ ಕೇಳಿಲ್ಲ? ಕೇಳಿದ್ದು ಕತೆಯಾಗಿ ಉಳಿದಿತ್ತು.

ಆದರೆ ಸವಣೂರು ನನಗೆ ಕೊಟ್ಟ ದೊಡ್ಡ ವಸ್ತು ಅದಲ್ಲ.

ಆ ಏಳರಲ್ಲಿ ಒಂದು 1972ರ ಬರದ ಕವಿತೆ. ನಮ್ಮದು ನವಲಗುಂದದ ಕಡೆಯ ಎರೆಹೊಲ. ಆ ವರ್ಷ ನನಗೆ ಹನ್ನೊಂದು. ಅಪ್ಪ ಬದುವಿನ ಮೇಲೆ ಕೂತು ಹೊಲ ನೋಡುತ್ತಿದ್ದುದು, ಅವ್ವ ಬುತ್ತಿ ಬಿಚ್ಚದೆ ಮರಳಿ ತಂದದ್ದು ಆ ಕವಿತೆಯಲ್ಲಿದೆ. ಅದರಲ್ಲಿ ‘ಬಿರುಕು ಬಿಟ್ಟ ನೆಲ’ ಎಂದು ಬರೆದಿದ್ದೆ. ಕಾರ್ಯಕ್ರಮ ಮುಗಿದು ಜನ ಏಳುವಾಗ, ಸ್ವಾಗತಗೀತೆ ಹಾಡಿದ ಹುಡುಗಿ ತನ್ನ ಅಮ್ಮನನ್ನು, ಅಂದರೆ ಅಜ್ಜಿಯನ್ನು, ಕೈಹಿಡಿದು ಕರೆತಂದಳು. ಮೊಮ್ಮಗಳ ಹಾಡು ಕೇಳಲೆಂದು ಬಂದು ಕೊನೆಯ ಸಾಲಿನಲ್ಲಿ ಕೂತಿದ್ದವರು. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಕೂಲಿ ಮಾಡಿ ಬಿರುಸಾದ ಅಂಗೈ. ನನ್ನ ಎರಡೂ ಕೈ ಹಿಡಿದುಕೊಂಡರು.

‘ಯವ್ವಾ, ಬರದ್ದು ಹೇಳಿದೆಲ್ಲ, ಕಣ್ಣಾಗ ನೀರ ತಂದಿ. ನಾನೂ ಕಂಡೇನಿ ಆ ಬರ. ಒಂದ ಮಾತ ಕೇಳಲೇನು?’

‘ಕೇಳ್ರಿ ಅಮ್ಮಾ.’

‘ಹೊಲ ಬಿರಕ ಬಿಟ್ಟಿತ್ತು ಅಂದಿ. ಗ್ವಾಡಿ ಬಿರಕ ಬಿಡತೈತಿ. ಎರಿ ಹೊಲ ಬಾಯಿ ಬಿಡತೈತಿ. ನೀರ ಕೇಳತಿರತೈತಿ ಅದು.’

ನಾನು ಅಲ್ಲೇ ಕುರ್ಚಿಯ ಮೇಲೆ ಕೂತೆ. ನನ್ನ ಅವ್ವನೂ ಹಾಗೇ ಅನ್ನುತ್ತಿದ್ದಳು. ‘ಹೊಲ ಬಾಯಿ ಬಿಟ್ಟೈತಿ, ಆಕಳಾ ಹುಷಾರಿಲೇ ಹೊಡಕೊಂಡ ಬಾ, ಕಾಲ ಸಿಕ್ಕೀತು’ ಎಂದು ಎಷ್ಟು ಸಲ ಕೂಗಿದ್ದಳು! ಒಂದು ಮೊಳ ಕೋಲು ಪೂರ್ತಿ ಇಳಿಯುವಂಥ ಆ ಸೀಳುಗಳೊಳಗೆ ನಾವು ಹುಡುಗರು ಕಲ್ಲು ಹಾಕಿ ಸದ್ದು ಕೇಳುತ್ತಿದ್ದೆವು. ಎಲ್ಲ ಗೊತ್ತಿದ್ದೂ ಬರೆಯುವಾಗ ಕೈಗೆ ಬಂದದ್ದು ಕಾಲೇಜಿನಲ್ಲಿ ಕಲಿತ ಶಬ್ದ. ಅವ್ವ ತೀರಿಹೋಗಿ ಐದು ವರ್ಷವಾಗಿತ್ತು. ಅವಳ ಮಾತನ್ನು ಬೇರೆ ಊರಿನ ಬೇರೆ ಅಮ್ಮ ನನ್ನ ಕೈಯಲ್ಲಿಟ್ಟು ಹೋದರು.

ಫೈಲಿನ ವಿಚಾರವನ್ನು ಯಜಮಾನರು ತಮ್ಮ ರೀತಿಯಲ್ಲಿ ನೋಡಿಕೊಂಡರು. ಮರುದಿನ ಸವಣೂರು ಬಸ್‌ಸ್ಟ್ಯಾಂಡಿಗೆ ಹೋಗಿ ಶಿಗ್ಗಾಂವಿ ಬಸ್ಸಿನ ಕಂಡಕ್ಟರಿಗೆ ಖಾನಾವಳಿಯ ಗುರುತು ಹೇಳಿ ಬಂದರು. ‘ಸಿಕ್ಕರ ಹಾವೇರಿ ಕಂಟ್ರೋಲರ್ ಕಡೆ ಕೊಡಸತೀನ್ರಿ’ ಎಂದನಂತೆ. ನಾವು ಹಾನಗಲ್ಲಿಗೆ ಹೊರಟೆವು.

ಹಾವೇರಿ ದಾಟಿದಮೇಲೆ ನೆಲದ ಬಣ್ಣ ಬದಲಾಗುತ್ತದೆ. ಹಾನಗಲ್ಲಿನ ಕಡೆ ಕೆರೆ, ಭತ್ತದ ಗದ್ದೆ, ಮಾವಿನ ತೋಟ. ಮಲೆನಾಡು ಇಲ್ಲಿಂದ ತನ್ನ ಸೆರಗು ಚಾಚುತ್ತದೆ. ತಾರಕೇಶ್ವರನ ಗುಡಿಯೊಳಗೆ ಕುತ್ತಿಗೆ ನೋಯುವವರೆಗೂ ಮೇಲೆ ನೋಡುತ್ತ ನಿಂತೆ. ಛಾವಣಿಯಲ್ಲಿ ಕಲ್ಲಿನ ತಾವರೆ ತಲೆಕೆಳಗಾಗಿ ಅರಳಿದೆ. ಸುತ್ತು ಸುತ್ತಾಗಿ ಒಳಗೆ ಹೋಗಿ ನಡುವಿನಲ್ಲಿ ಮೊಗ್ಗಾಗಿ ಇಳಿದಿದೆ. ಗೆಳತಿ ಅದರ ಕೆಳಗೆ ನಿಂತು ಮೆಲ್ಲಗೆ ಒಂದು ಆಲಾಪ ಮಾಡಿದಳು. ಕಲ್ಲು ಅದನ್ನು ತುಸು ಹೊತ್ತು ಇಟ್ಟುಕೊಂಡು ಬಿಟ್ಟಿತು.

ಹಾನಗಲ್ಲು ಎಂದರೆ ನನಗೆ ಕಿವಿಯ ಊರು. ಗಂಗೂಬಾಯಿಯವರು ತಮ್ಮ ಹೆಸರಿನಲ್ಲಿ ಈ ಊರನ್ನು ದೇಶದ ತುಂಬ ಹೊತ್ತು ತಿರುಗಿದರು. ಈ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಪಂಚಾಕ್ಷರಿ ಗವಾಯಿಗಳು ಹುಟ್ಟಿದರು, ಕಣ್ಣಿಲ್ಲದ ಮಗು. ಹಾನಗಲ್ಲ ಕುಮಾರ ಸ್ವಾಮಿಗಳು ಆ ಹುಡುಗನ ಕಂಠ ಗುರುತಿಸಿ ಸಂಗೀತ ಕಲಿಸಿದರು. ಆ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಗೀತದ ಪಾಠಶಾಲೆಯನ್ನೇ ನಡೆಸಿಕೊಂಡು ಹೋದರು. ಅದು ಕೊನೆಗೆ ಗದಗಿನಲ್ಲಿ ಪುಣ್ಯಾಶ್ರಮವಾಗಿ ನಿಂತಿತು. ಇದೇ ತಾಲ್ಲೂಕಿನ ದೇವರಹೊಸಪೇಟೆಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜರಿಗೂ ಕಣ್ಣಿರಲಿಲ್ಲ. ನಾವು ಹೋದಾಗ ಅವರು ಗದಗಿನಲ್ಲಿ ನೂರಾರು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಹಾಳೆ ನೋಡಿ ಕಲಿಯುವ ದಾರಿಯೇ ಇಲ್ಲದ ಇಬ್ಬರು, ಕೇಳಿ ಕಲಿತು, ಕೇಳಿಸಿ ಕಲಿಸಿ, ಒಂದು ನಾಡಿನ ಸಂಗೀತವನ್ನು ಉಳಿಸಿದರು. ಆ ದಿನ ಹಾನಗಲ್ಲಿನಲ್ಲಿ ಕವಿತೆ ಹೇಳುವಾಗ ನಾನು ಕಣ್ಣು ಮುಚ್ಚಿಕೊಂಡೆ. ಎಂಟು ಬಂದವು. ಬರದ ಕವಿತೆಯಲ್ಲಿ ‘ಬಾಯಿ ಬಿಟ್ಟ ಹೊಲ’ ಎಂದೇ ಹೇಳಿದೆ. ಆ ಸಾಲಿಗೆ ಸಭೆಯಲ್ಲಿ ಯಾರೋ ಹೆಂಗಸು ‘ಅಯ್ಯ ಶಿವನೇ’ ಅಂದರು, ಗಟ್ಟಿಯಾಗಿ.

ನಾಲ್ಕನೆಯ ದಿನ ಅಕ್ಕಿಆಲೂರಿನ ಮೇಲೆ ಹಿರೇಕೆರೂರಿಗೆ ಹೋದೆವು. ಬಿಸಿಲು ಇಳಿಯುವ ಮೊದಲು ಅಬಲೂರು ನೋಡಬೇಕೆಂದು ಹಟ ಹಿಡಿದವಳು ನಾನೇ. ಸೋಮೇಶ್ವರನ ಗುಡಿಯಲ್ಲಿ ಏಕಾಂತದ ರಾಮಯ್ಯನ ಶಾಸನವಿದೆ, ಅವನ ಕತೆಯ ಕೆತ್ತನೆಗಳಿವೆ. ಊರಿನವರಿಗೆ ಅದಕ್ಕಿಂತ ಹೆಚ್ಚಿನ ಅಭಿಮಾನ ಸರ್ವಜ್ಞನದು. ಅಬಲೂರಿನ ಮಾಳಿಯ ಮಗ, ಮಾಸೂರಿನ ಬಸವರಸ ತಂದೆ ಎಂದು ಜನ ಹೇಳಿಕೊಂಡು ಬಂದಿದ್ದಾರೆ. ಊರಿಂದೂರಿಗೆ ನಡೆದು, ಭಿಕ್ಷೆ ಬೇಡಿ ಉಂಡು, ಮೂರು ಸಾಲಿನಲ್ಲಿ ಒಂದು ಬದುಕು ಹೇಳಿ ಮುಂದೆ ಹೋದವನು. ಅವನಿಗೆ ಯಾರೂ ಕುರ್ಚಿ ಹಾಕಿರಲಿಲ್ಲ, ಶಾಲು ಹೊದಿಸಿರಲಿಲ್ಲ. ಶತಮಾನಗಳ ಕಾಲ ಅವನ ತ್ರಿಪದಿಗಳು ಜನರ ನಾಲಗೆಯ ಮೇಲೆ ಬದುಕಿದವು. ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು, ಕೇಳಿ, ಹೋಲಿಸಿ, 1924ರಲ್ಲಿ ಸರ್ವಜ್ಞನ ವಚನಗಳನ್ನು ಅಚ್ಚು ಹಾಕಿಸಿದರು. ಆ ಮನುಷ್ಯನ ಋಣ ನಮ್ಮೆಲ್ಲರ ಮೇಲಿದೆ. ಅದನ್ನು ನಾವು ಸಾಕಷ್ಟು ಹೇಳುವುದಿಲ್ಲ ಎಂಬ ಕೊರಗು ನನಗಿದೆ.

ಹಿರೇಕೆರೂರಿನಲ್ಲಿ ಸಭೆ ಶುರುವಾದದ್ದೇ ರಾತ್ರಿ ಎಂಟಕ್ಕೆ, ದನ ಕಟ್ಟಿ ಹಾಲು ಹಿಂಡಿ ಬಂದಮೇಲೆ. ಕುರ್ಚಿ ಇರಲಿಲ್ಲ, ಜಮಖಾನೆ ಹಾಸಿದ್ದರು. ನಾನೂ ಕೆಳಗೇ ಕೂತೆ. ಒಂಬತ್ತು ಕವಿತೆ ಹೇಳಿದೆ, ಎದುರಿನ ಮುಖಗಳನ್ನು ನೋಡುತ್ತ. ಎಲ್ಲಿ ಉಸಿರು ಬಿಡಬೇಕು, ಎಲ್ಲಿ ತಡೆಯಬೇಕು ಎನ್ನುವುದನ್ನು ಆ ಮುಖಗಳೇ ಹೇಳಿಕೊಡುತ್ತಿದ್ದವು. ಮುಗಿದಾಗ ಯಾರೂ ಏಳಲಿಲ್ಲ. ಮುಂದೆ ಕೂತಿದ್ದ ಪಟಗದ ಹಿರಿಯರೊಬ್ಬರು, ‘ಅಕ್ಕಾರ, ನೀವ ಇಷ್ಟ ಕೊಟ್ಟಿರಿ. ನಾವೂ ಏನರ ಕೊಡಬೇಕಲ್ಲರಿ’ ಎಂದು ಸರ್ವಜ್ಞನ ಒಂದು ತ್ರಿಪದಿ ಹೇಳಿದರು. ಹಿಂದಿನಿಂದ ಇನ್ನೊಬ್ಬರು ಮತ್ತೊಂದು. ಮೂಲೆಯಲ್ಲಿದ್ದ ಹೆಣ್ಣುಮಗಳು ಒಂದು ಶುರು ಮಾಡಿದಳು. ಮೂರನೆಯ ಸಾಲಿಗೆ ಬಂದಾಗ ಪಟಗದ ಅಜ್ಜ ತಡೆದರು.

‘ಹಂಗಲ್ಲವಾ ಅದು.’

‘ನಮ್ಮೂರಾಗ ಹಿಂಗ ಅಂತಾರ ನೋಡ ಎಜ್ಜಾ.’

ಇಬ್ಬರೂ ತಮ್ಮ ತಮ್ಮ ಸಾಲು ಹೇಳಿದರು. ಒಂದೇ ಶಬ್ದದ ವ್ಯತ್ಯಾಸ. ಸಭೆ ಎರಡಾಯಿತು. ಹತ್ತು ನಿಮಿಷ ಆ ಒಂದು ಶಬ್ದದ ಮೇಲೆ ವಾದ ನಡೆಯಿತು, ಬದುವಿನ ಜಗಳದಷ್ಟೇ ಬಿಸಿಯಾಗಿ. ಯಾವುದು ಸರ್ವಜ್ಞ ಹೇಳಿದ್ದು ಎಂದು ಯಾರೂ ಕೇಳಲಿಲ್ಲ. ಯಾವ ಮಾತು ಅಲ್ಲಿ ಕೂಡುತ್ತದೆ ಎನ್ನುವುದೇ ಪ್ರಶ್ನೆ. ಸವಣೂರಿನ ಅಮ್ಮ ನನ್ನ ಕವಿತೆಗೆ ಮಾಡಿದ್ದೂ ಇದನ್ನೇ. ನಮ್ಮ ಸಾಲನ್ನು ತನ್ನದು ಅಂದುಕೊಂಡವರು ಮಾತ್ರ ಹಾಗೆ ತಿದ್ದುತ್ತಾರೆ. ಹನ್ನೊಂದರವರೆಗೂ ಕೂತಿದ್ದೆವು. ಕೊನೆಯ ಎರಡು ತಾಸು ನಾನು ಬರೀ ಕೇಳುವವಳಾಗಿದ್ದೆ. ಆ ನಾಲ್ಕು ದಿನಗಳಲ್ಲಿ ಅಷ್ಟು ಸಂತೋಷ ಬೇರೆ ಯಾವ ಹೊತ್ತಿನಲ್ಲೂ ಆಗಿರಲಿಲ್ಲ.

ಮುಂದೆ ಆ ಕಡೆ ಬೇಕಾದಷ್ಟು ಬದಲಾಯಿತು. ಗೋಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಬಂತು. 2009ರಲ್ಲಿ ಸರ್ವಜ್ಞನ ಪ್ರತಿಮೆ ಚೆನ್ನೈಯಲ್ಲಿ, ತಿರುವಳ್ಳುವರ್ ಪ್ರತಿಮೆ ಬೆಂಗಳೂರಿನಲ್ಲಿ ಎದ್ದವು. 2023ರ ಜನವರಿಯಲ್ಲಿ ಹಾವೇರಿಯಲ್ಲಿ ಅಖಿಲ ಭಾರತ ಸಮ್ಮೇಳನ ನಡೆದಾಗ ಆ ಜನಸಾಗರದಲ್ಲಿ ನಾನೂ ಇದ್ದೆ. ಗೆಳತಿ ಇರಲಿಲ್ಲ, ಹಿಂದಿನ ವರ್ಷವೇ ಹೋಗಿದ್ದಳು. ಊಟದ ಸಾಲಿನಲ್ಲಿ ನಿಂತಾಗ ಶಿಗ್ಗಾಂವಿಯ ಆ ಖಾನಾವಳಿಯ ರೊಟ್ಟಿ ನೆನಪಾಗಿ ಗಂಟಲು ಕಟ್ಟಿತು.

ಐದನೆಯ ದಿನ ಬೆಳಿಗ್ಗೆ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಫಿಯಟ್ ನಿಲ್ಲಿಸಿ ಯಜಮಾನರು ಕಂಟ್ರೋಲರ್ ಕೋಣೆಗೆ ಹೋದರು. ಬರುವಾಗ ಕೈಯಲ್ಲಿ ಪೇಪರಿನಲ್ಲಿ ಸುತ್ತಿ ಸುತಳಿ ಕಟ್ಟಿದ ಒಂದು ಗಂಟು. ಎಷ್ಟು ಕಂಡಕ್ಟರುಗಳ ಕೈ ದಾಟಿ ಬಂದಿತ್ತೋ, ಯಾರೂ ಒಂದು ಪೈಸೆ ಕೇಳಿರಲಿಲ್ಲ. ಬಿಚ್ಚಿದೆ. ಕೆಂಪು ದಾರ ನಾನು ಕಟ್ಟಿದ ಹಾಗೇ ಇತ್ತು. ಅಂಚಿನಲ್ಲಿ ಒಂದು ಎಣ್ಣೆಯ ಬೆರಳಚ್ಚು.

ಹಾಳೆಗಳನ್ನು ತಿರುವುತ್ತ ಹೋದೆ. ನೆನಪಿಗೆ ಬಾರದ ಕವಿತೆಗಳು ಬೇರೆ ಯಾರೋ ಬರೆದಂತೆ ಕಂಡವು. ಅಕ್ಷರ ನನ್ನದೇ. ಬರದ ಕವಿತೆ ಸಿಕ್ಕಿತು. ಯಜಮಾನರ ಜೇಬಿನಿಂದ ಪೆನ್ನು ಇಸಿದುಕೊಂಡು ‘ಬಿರುಕು’ ಹೊಡೆದುಹಾಕಿ ಮೇಲೆ ‘ಬಾಯಿ’ ಎಂದು ಬರೆದೆ. ಗಾಡಿ ಹೊರಟಿತ್ತು, ಅಕ್ಷರ ಸೊಟ್ಟಗಾಯಿತು.

‘ಮುಗೀತೇನ?’ ಗೆಳತಿ ಹಿಂದಕ್ಕೆ ತಿರುಗಿ ಕೇಳಿದಳು.

‘ಇಲ್ಲ, ಇನ್ನೂ ಹದಿನೈದು ಅದಾವ’ ಎಂದು ಮೊದಲನೆಯದನ್ನು ತೆಗೆದು ಗಟ್ಟಿಯಾಗಿ ಓದತೊಡಗಿದೆ. ಯಜಮಾನರು ಕಿಟಕಿಯ ಗಾಜು ಏರಿಸಿದರು, ಸರಿಯಾಗಿ ಕೇಳಲೆಂದು.